ಹಿಂದಿನ ಆಕ್ಸಲ್ ಬದಲಿಸಿದ ಮೇಲೆ 4ಎಚ್ ಹಾಕಿದರೆ ಗಾಡಿ ಎಳೆದಾಡುತ್ತಿದೆಯೇ?

ಸೆಕೆಂಡ್ ಹ್ಯಾಂಡ್ ಆಕ್ಸಲ್ ಹಾಕಿಸಿದ ಮೇಲೆ 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನ) ಗಾಡಿ ಬಿಗಿಯುತ್ತದೆ, ಲಿವರ್ ವಾಪಸ್ ಬರುವುದಿಲ್ಲ ಅಂದಿರಿ. ಅದರ ಗೇರ್ ಅನುಪಾತ (ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) ಮುಂದಿನ ಆಕ್ಸಲ್‌ಗಿಂತ ಬೇರೆ ಇರುವ ಸಾಧ್ಯತೆ ಜಾಸ್ತಿ. ಆದರೆ ಒಣ ಡಾಂಬರಿನ ತಿರುವಿನಲ್ಲಿ ಸರಿಯಿರುವ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕುವ) ಫೋರ್ ವೀಲ್ ಡ್ರೈವ್ ಕೂಡ ಬಿಗಿಯುತ್ತದೆ. ನೇರ ರಸ್ತೆಯಲ್ಲೂ ಹಾಗೇ ಆಗುತ್ತಾ? ಆಗಿದ್ದರೆ ಅನುಮಾನ ಗಟ್ಟಿ.

ಮೊದಲು ನಾಲ್ಕೂ ಟೈರ್‌ಗಳ ಸೈಜ್, ಸವೆತ, ಗಾಳಿ ನೋಡಿ. ಅದರಿಂದಲೂ ಇದೇ ಲಕ್ಷಣ ಬರುತ್ತದೆ, ಸುಮ್ನೆ ಆಕ್ಸಲ್ ಬಿಚ್ಚಿಸಬೇಡಿ.

ಆಮೇಲೆ ಅನುಪಾತದ ಎಣಿಕೆ. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಹಿಂದಿನ ಒಂದೇ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. 2ಎಚ್ (ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ), ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ (ಆಕ್ಸಲ್‌ಗೆ ಶಕ್ತಿ ತರುವ ಉದ್ದ ದಂಡ) ಸೀಮೆಸುಣ್ಣದ ಗುರುತು ಹಾಕಿ. ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿ, 10ರಿಂದ ಭಾಗಿಸಿ. 41 ಬಂದರೆ 4.10, ಮೂವತ್ತೇಳೂ ಚಿಲ್ಲರೆ ಬಂದರೆ 3.73. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗೇರ್ ಜೋಡಣೆ) ಅರ್ಧ ವೇಗದಲ್ಲಿ ತಿರುಗುತ್ತದೆ, ಅದಕ್ಕೇ 20 ಸುತ್ತು. ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಹಿಡಿಯುವ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಮುಂದಿನ ಆಕ್ಸಲ್‌ಗೂ ಹೀಗೇ ಎಣಿಸಿ, ಅಡ್ಡ ಹಿಂದಿನ ಚಕ್ರಗಳಿಗೆ. ಲಾಕಿಂಗ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಭಾಗ) ಇದ್ದರೆ ಲಾಕ್ ಮಾಡಿ, ಲಾಕ್ ಮಾಡದಿದ್ದರೆ ಶಾಫ್ಟ್ ತಿರುಗುವುದೇ ಇಲ್ಲ. 4.10 ಮತ್ತು 4.09ರಂಥ ಕೂದಲೆಳೆಯ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಒಂದು ಆಕ್ಸಲ್ 4.10, ಇನ್ನೊಂದು 3.73 ಆದರೆ ಸುಮಾರು ಶೇ. 10ರಷ್ಟು ಅಂತರ. ಸರಿಮಾಡಿಸುವವರೆಗೆ 4ಎಚ್ ಮುಟ್ಟಲೇಬೇಡಿ, ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಗುತ್ತದೆ.