ಜಾನುವಾರು ಪ್ರಶ್ನೋತ್ತರ: ಬೆದೆ ತಿಳಿಸುವ ಕೊರಳಪಟ್ಟಿ

ಪ್ರಶ್ನೆ: ನಮ್ಮಲ್ಲಿ ಐದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, ಎರಡು ಮುರ್ರಾ ಎಮ್ಮೆಗಳಿವೆ. ಬೆದೆ ಮೇಲಿಂದ ಮೇಲೆ ತಪ್ಪಿಹೋಗುತ್ತಿದೆ. ಮೊಬೈಲಿಗೆ ಸಂದೇಶ ಕಳಿಸುವ ಕೊರಳಪಟ್ಟಿ ತರಬಹುದೇ? ಹೆಣ್ಣುಗರು ಹುಟ್ಟುವ ವೀರ್ಯವನ್ನೂ ಕೊಡಿಸಬಹುದೇ?
– ಓದುಗರು, ಶಿಗ್ಗಾಂವಿ ತಾಲ್ಲೂಕು

ಉತ್ತರ: ದಿನವಿಡೀ ಗ್ವಾದಲಿಗೆ ಕಟ್ಟಿದ ಆಕಳಿಗೆ ಈ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ. ಅದರೊಳಗಿನ ಸೆನ್ಸರ್ ಕತ್ತಿನ ಚಲನೆಯನ್ನು, ಕೆಲವು ಮಾದರಿಗಳಲ್ಲಿ ಮೆಲುಕನ್ನೂ ಅಳೆಯುತ್ತದೆ. ವಾರ-ಹತ್ತು ದಿನ ಆ ದನದ ಎಂದಿನ ಓಡಾಟ ಗುರುತಿಸಿಕೊಂಡು, ಓಡಾಟ ಏರಿ ಮೆಲುಕು ಇಳಿದಾಗ ಸಂದೇಶ ಕಳಿಸುತ್ತದೆ. ಎರಡು ಮೊಳದ ಹಗ್ಗದಲ್ಲಿ ನಿಂತ ದನ ಎಲ್ಲಿ ಓಡಾಡೀತು? ಮೊದಲು ಕೊಟ್ಟಿಗೆಯ ಪಕ್ಕ ಬೇಲಿ ಹಾಕಿ, ದನ ಬಿಚ್ಚಿಬಿಡಲು ಜಾಗ ಮಾಡಿ. ಪಟ್ಟಿ ಸಡಿಲಾದರೆ ಕತ್ತಿನ ಸುತ್ತ ತಿರುಗಿ ಸುಳ್ಳು ಸಂದೇಶ ಬರುತ್ತದೆ. ಅಂಗೈ ತೂರುವಷ್ಟು ಬಿಗಿಯಿರಲಿ. ತಗಡಿನ ಚಾವಣಿ ಸಿಗ್ನಲ್ ತಗ್ಗಿಸುವುದರಿಂದ ಕೊಳ್ಳುವ ಮುನ್ನ ಕೊಟ್ಟಿಗೆಯ ತುದಿಯ ದನಕ್ಕೇ ಒಂದು ಪಟ್ಟಿ ಕಟ್ಟಿಸಿ ನೋಡಿ.

ಏಳು ದನಕ್ಕೆ ಗೋಡೆಯ ಕ್ಯಾಲೆಂಡರೇ ಸಾಕೆಂಬುದು ನಮ್ಮ ಅಭಿಪ್ರಾಯ. ಬೆದೆಯ ತಾರೀಖು ಬರೆದಿಟ್ಟು, 18ರಿಂದ 24ನೇ ದಿನದವರೆಗೆ ನಸುಕಿನ ಐದಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ನಿಂತು ನೋಡಿ. ಎಮ್ಮೆ ಆಕಳಿನಷ್ಟು ಹಾರಾಡುವುದಿಲ್ಲ. ಲೋಳೆಯೂ ಉದ್ದಕ್ಕೆ ಇಳಿಬೀಳದೆ, ಮಲಗಿದಾಗ ನೆಲಕ್ಕೆ ಸುರಿದಿರುತ್ತದೆ. ಎದ್ದೊಡನೆ ಅದು ಮಲಗಿದ್ದ ಜಾಗ ನೋಡಿ, ಸಗಣಿ ಬಳಿಯುವ ಮೊದಲೇ. ಬರೀ ಕಣಕಿ ತಿಂದು ಸೊರಗಿದ ದನಕ್ಕೆ ಬೆದೆಯೇ ಬರದಿರಬಹುದು, ಆಗ ಪಟ್ಟಿಯೂ ಏನೂ ಹೇಳದು. ಹಿಂಡಿಯ ಜೊತೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ.

ಲಿಂಗ ನಿರ್ಧರಿತ ವೀರ್ಯದಿಂದ ಹುಟ್ಟುವ ಕರುಗಳಲ್ಲಿ ನೂರಕ್ಕೆ ಸುಮಾರು 90 ಹೆಣ್ಣು. ಆದರೆ ಮಾಮೂಲಿ ವೀರ್ಯದ ಒಂದು ಕಡ್ಡಿಯಲ್ಲಿ (ವೀರ್ಯ ತುಂಬಿದ ಸಣ್ಣ ಕೊಳವೆ) ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ ಇದರಲ್ಲಿ 20 ಲಕ್ಷದಷ್ಟೇ. ಹಾಗಾಗಿ ಗಬ್ಬ ಕಟ್ಟುವ ಪ್ರಮಾಣ ಕಡಿಮೆ. ಬೆದೆ ಸರಿಯಾಗಿ ಮರುಕಳಿಸುವ, ಮೈತುಂಬಿದ ಕಡಸು ಅಥವಾ ಮೊದಲ ಸೂಲಿನ ಆಕಳಿಗೆ ಕೊಡಿಸಿ. ವೀರ್ಯ ಕೊಡಿಸಿಯೂ ಗಬ್ಬ ನಿಲ್ಲದೆ ಎರಡು-ಮೂರು ಸಲ ಬೆದೆಗೆ ತಿರುಗಿದ ದನಕ್ಕೆ ಬೇಡ. ಮಾಮೂಲಿ ವೀರ್ಯಕ್ಕೆ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಲೆಕ್ಕ. ಲಿಂಗ ನಿರ್ಧರಿತ ವೀರ್ಯಕ್ಕೆ ಇನ್ನೂ ತುಸು ತಡವಾದರೆ ಒಳ್ಳೆಯದು. ಕಡ್ಡಿ ಹುಡುಕಲು, ಅದನ್ನು ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕದ ಕ್ಯಾನಿನ ಬಾಯಿಂದ ಮೇಲೆತ್ತಿ ಮತ್ತೆ ಇಳಿಬಿಟ್ಟರೆ ಅದು ಅರ್ಧ ಕೆಟ್ಟಂತೆ. ಕರಗಿಸುವ ನೀರು 37 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಟ್ಟು ನೋಡಲು ವೀರ್ಯ ಕೊಡಲು ಬಂದವರಿಗೆ ಹೇಳಿ.

ಪ್ರಶ್ನೆ: ಚೀಲದಲ್ಲಿ ತುಂಬಿದ ಗೋವಿನಜೋಳದ ರಸಮೇವಿಗೆ (ಗಾಳಿಯಾಡದಂತೆ ಕಟ್ಟಿ ಹುಳಿಸಿದ ಹಸಿಮೇವು) ಬೂಸ್ಟು ಬಂದಿದೆ. ಏಕೆ?
– ಓದುಗರು, ರೋಣ ತಾಲ್ಲೂಕು

ಉತ್ತರ: ಒಳಗೆ ಗಾಳಿ ಉಳಿದಿದೆ. ಮೇವು ಒಣಗಿತ್ತು, ಇಲ್ಲವೇ ತುಣುಕು ದೊಡ್ಡದಾಗಿತ್ತು. ಇಲಿ ಕಡಿದ ತೂತೂ ಇರಬಹುದು. ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದಲ್ಲಿ ಕೊಯ್ದು, 2 ಸೆಂ.ಮೀ. ತುಣುಕು ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚು, ಕೈ ಬಿಚ್ಚಿದೊಡನೆ ಉದುರಿದರೆ ಒಣಗಿದೆ, ಉಂಡೆ ನಿಧಾನ ಬಿಚ್ಚಿಕೊಂಡರೆ ಸರಿ. ಪದರ ಪದರವಾಗಿ ತುಳಿದು ಕಟ್ಟಿ, 45 ದಿನ ತೆರೆಯಬೇಡಿ. ಬೂಸ್ಟು ಬಂದ ಭಾಗವನ್ನು ಸುತ್ತಲಿನ ಮೇವಿನೊಂದಿಗೇ ತೆಗೆದು ತಿಪ್ಪೆಗೆ ಹಾಕಿ. ಅದರ ವಿಷ ಹಾಲಿಗೂ ಇಳಿಯಬಲ್ಲದು.