ಡಿಗ್ರಿ ನೋಡಿ ಊರು ಆರಿಸಬೇಡಿ

"ಫೀನಿಕ್ಸ್‌ನಲ್ಲಿ 110, ಹ್ಯೂಸ್ಟನ್‌ನಲ್ಲಿ 95 ಅಂತ ತೋರಿಸುತ್ತಿದೆ. ಹ್ಯೂಸ್ಟನ್ನೇ ವಾಸಿ ಅಲ್ವಾ? ಅಮೆರಿಕದ ಈ ಎರಡೂ ಊರಲ್ಲಿ ಕೆಲಸ ಸಿಕ್ಕಿದೆ. ಎರಡು ವರ್ಷದ ಮಗಳಿದ್ದಾಳೆ, ಜುಲೈನಲ್ಲಿ ಅಪ್ಪ-ಅಮ್ಮನನ್ನೂ ಕರೆಸಿಕೊಳ್ಳಬೇಕು" ಅಂತ ಕೇಳಿದ್ದೀರಿ. ನಾನು ಹ್ಯೂಸ್ಟನ್‌ನಲ್ಲಿ ನಾಲ್ಕು ವರ್ಷ, ಫೀನಿಕ್ಸ್‌ನಲ್ಲಿ ಮೂರು ವರ್ಷ ಇದ್ದವನು. 2016ರಿಂದ ಸಿಯಾಟಲ್ ಹತ್ತಿರ ಇದ್ದೇನೆ. ಮೂರು ಕಡೆಯ ಬೇಸಿಗೆಯನ್ನೂ ಮಗನನ್ನು ಎತ್ತಿಕೊಂಡೇ ಕಳೆದಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರವೇ ಬರುತ್ತದೆ.

ಮೊದಲು ಲೆಕ್ಕ. ಇಲ್ಲಿ ಹೇಳುವುದೆಲ್ಲ ಫ್ಯಾರನ್‌ಹೀಟ್. 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ ನಮಗೆ ಗೊತ್ತಿರುವ ಸೆಲ್ಸಿಯಸ್ ಸಿಗುತ್ತದೆ. 110 ಅಂದರೆ 43, 95 ಅಂದರೆ 35. ನೋಡಲು ಎಂಟು ಡಿಗ್ರಿ ವ್ಯತ್ಯಾಸ. ಆದರೆ ಬಿಸಿಲು ಬೇರೆ, ಸೆಕೆ ಬೇರೆ. ಆ ಎರಡು ಮಾತು ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಬೇರೆಬೇರೆಯಾಗಿಯೇ ಇವೆ.

ಹ್ಯೂಸ್ಟನ್‌ನದು ಸೆಕೆ. ಮೆಕ್ಸಿಕೋ ಕೊಲ್ಲಿಯ ಬೆಚ್ಚಗಿನ ನೀರಿನ ಮೇಲಿಂದ ಗಾಳಿ ಬರುತ್ತದೆ, ತೇವ ಹೊತ್ತುಕೊಂಡೇ ಬರುತ್ತದೆ. ನಾವು ಹೋದ ಮೊದಲ ವಾರ, ಆಗಸ್ಟ್‌ನ ಒಂದು ರಾತ್ರಿ ಒಂಬತ್ತು ಗಂಟೆಗೆ ಅಂಗಡಿಯ ಎಸಿಯಿಂದ ಹೊರಗೆ ಕಾಲಿಟ್ಟೆ. ಕನ್ನಡಕ ಪೂರ್ತಿ ಮಂಜಾಯಿತು. ಒರೆಸಿ ಹಾಕಿಕೊಂಡರೆ ಮತ್ತೆ ಮಂಜು. ಕಾರಿನ ತನಕ ಹೋಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಸೂರ್ಯ ಮುಳುಗಿ ಎಷ್ಟೋ ಹೊತ್ತಾಗಿತ್ತು! ಮೈ ತಂಪಾಗಬೇಕಾದರೆ ಬೆವರು ಆರಬೇಕು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಎಲ್ಲಿಗೆ ಹೋಗುತ್ತದೆ? ಮೈ ಮೇಲೇ ನಿಲ್ಲುತ್ತದೆ.

ಅದಕ್ಕೇ ಹವಾಮಾನ ನೋಡುವಾಗ ಡ್ಯೂ ಪಾಯಿಂಟ್ ಅನ್ನುವ ಅಂಕಿ ನೋಡಿ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ತೇವ ಇಬ್ಬನಿಯಾಗುತ್ತದೆ ಅಂತ ಅದು ಹೇಳುತ್ತದೆ, ತೇವ ಜಾಸ್ತಿಯಿದ್ದಷ್ಟೂ ಈ ಅಂಕಿ ಜಾಸ್ತಿ. ಶೇಕಡಾ ಲೆಕ್ಕದ ಹ್ಯುಮಿಡಿಟಿ ನಂಬಬೇಡಿ, ಅದು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತೋರಿಸುತ್ತದೆ. ಡ್ಯೂ ಪಾಯಿಂಟ್ 55ರ ಕೆಳಗಿದ್ದರೆ ಹಾಯಾಗಿರುತ್ತದೆ. 70 ದಾಟಿದರೆ ಉಸಿರಾಡುವುದೇ ಭಾರ ಅನಿಸುತ್ತದೆ. ಹ್ಯೂಸ್ಟನ್‌ನಲ್ಲಿ ಜುಲೈ-ಆಗಸ್ಟ್‌ನಲ್ಲಿ ಅದು 75ರ ಆಸುಪಾಸು ದಿನಗಟ್ಟಲೆ ಕೂತಿರುತ್ತದೆ. ಬೆಳಗಿನ ಜಾವ ವಾಕಿಂಗ್ ಹೋದರೂ ಬಿಡುಗಡೆ ಇಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಬೇರೆ. ಮನೆ ಹಿಡಿಯುವ ಮೊದಲು ಆ ಬೀದಿಯಲ್ಲಿ ನೀರು ನಿಲ್ಲುತ್ತದಾ ಅಂತ ವಿಚಾರಿಸಿ.

ಫೀನಿಕ್ಸ್‌ನದು ಬೆಂಕಿಯಂಥ ಒಣ ಬಿಸಿಲು. ಬೆವರಿದ್ದೇ ಗೊತ್ತಾಗುವುದಿಲ್ಲ, ಅಷ್ಟು ಬೇಗ ಆರಿಹೋಗುತ್ತದೆ. ಅಪಾಯ ಇರುವುದೂ ಅಲ್ಲೇ. ಬಾಯಾರಿಕೆ ಆಗುವ ಮೊದಲೇ ಮೈಯ ನೀರು ಖಾಲಿಯಾಗಿರುತ್ತದೆ. 2023ರಲ್ಲಿ ಅಲ್ಲಿ ಸತತ 31 ದಿನ 110 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಸತತ 16 ರಾತ್ರಿ 90ರ ಕೆಳಗೆ ಇಳಿಯಲೇ ಇಲ್ಲ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು, ಟಾರು ರಾತ್ರಿಯಿಡೀ ಅದನ್ನು ವಾಪಸ್ ಬಿಡುತ್ತಿರುತ್ತವೆ.

ನಿಮ್ಮ ಮಗಳ ವಿಷಯಕ್ಕೆ ಇದೊಂದು ಕೇಳಿ. ಫೀನಿಕ್ಸ್‌ನಲ್ಲಿದ್ದಾಗ ನನ್ನ ಮಗನಿಗೂ ಎರಡು ವರ್ಷ. ಜೂನ್‌ನಲ್ಲಿ ಒಂದು ಮಧ್ಯಾಹ್ನ ಕಾರ್ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿದ್ದೆ. ಬೆಲ್ಟಿನ ಲೋಹದ ಕೊಂಡಿ ತೊಡೆಗೆ ತಾಗಿತು. ಕಿಟಾರನೆ ಕಿರುಚಿದ. ಮನೆಗೆ ಬಂದು ನೋಡಿದರೆ ಬೆರಳಗಲದ ಬೊಬ್ಬೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತದೆ. ಆಮೇಲೆ ಸೀಟಿನ ಮೇಲೆ ಯಾವಾಗಲೂ ಬಿಳಿ ಟವೆಲ್ ಹೊದಿಸಿಡುತ್ತಿದ್ದೆವು, ಕೊಂಡಿಯನ್ನು ಮೊದಲು ನನ್ನ ಕೈಗೆ ತಾಗಿಸಿ ನೋಡುತ್ತಿದ್ದೆ. ಇನ್ನೊಂದು ಮಾತು, ಇದು ಎಲ್ಲ ಊರಿಗೂ ಸೇರಿದ್ದು. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 20 ಡಿಗ್ರಿ ಫ್ಯಾರನ್‌ಹೀಟ್ ಏರಬಹುದು. ಕಿಟಕಿ ಸ್ವಲ್ಪ ತೆಗೆದಿಟ್ಟರೂ ಅಷ್ಟೇನೂ ಉಪಯೋಗವಿಲ್ಲ. ಒಂದೇ ಒಂದು ನಿಮಿಷ ಅಂತ ಕೂಡ ಮಗುವನ್ನು ಬಿಟ್ಟು ಹೋಗಬೇಡಿ.

ಹಾಗಾದರೆ ಸಿಯಾಟಲ್ ಸ್ವರ್ಗವಾ? ಜುಲೈ-ಆಗಸ್ಟ್‌ನಲ್ಲಿ ಹೌದು ಅಂತಲೇ ಹೇಳುತ್ತೇನೆ. ಮಳೆ ಅಪರೂಪ, ಜುಲೈನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕು. ಆದರೆ 2021ರ ಜೂನ್ 28ರಂದು ಇಲ್ಲಿ 108 ಆಯಿತು, ಅಂದರೆ 42 ಸೆಲ್ಸಿಯಸ್. ಫೀನಿಕ್ಸ್‌ನಲ್ಲಿ ಅದು ಜೂನ್‌ನ ಸಾಧಾರಣ ದಿನ. ಆಗ ಇಲ್ಲಿ ಎಸಿ ಇಲ್ಲದ ಮನೆಗಳು ತುಂಬಾ ಇದ್ದವು, ನಮ್ಮದೂ ಸೇರಿ. ಮೂರನೇ ಮಹಡಿಯ ಅಪಾರ್ಟ್‌ಮೆಂಟ್. ಪಕ್ಕದ ಮನೆಯಲ್ಲಿ ಎಂಬತ್ತರ ಅಜ್ಜಿ ಒಬ್ಬರೇ ಇದ್ದರು. ಬಾಗಿಲು ತಟ್ಟಿದಾಗ ತೆಗೆಯಲು ಬಹಳ ಹೊತ್ತು ಮಾಡಿದರು. ಮುಖ ಕೆಂಪಾಗಿತ್ತು, ಮಾತು ತೊದಲುತ್ತಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಒದ್ದೆ ಬಟ್ಟೆ ಕತ್ತಿಗೆ ಸುತ್ತಿ, ನಮ್ಮ ಕಾರಿನ ಎಸಿಯಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋದೆವು. ಅವರು ಉಳಿದರು. ಆ ಕೆಲವು ದಿನಗಳ ಬಿಸಿಗೆ ವಾಷಿಂಗ್ಟನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 1995ರ ಜುಲೈನಲ್ಲಿ ಚಿಕಾಗೋದಲ್ಲೂ ಹೀಗೇ ಆಗಿತ್ತು, ಅಲ್ಲಿ ಸತ್ತವರು 700ಕ್ಕಿಂತ ಜಾಸ್ತಿ. ಒಂಟಿಯಾಗಿದ್ದ ವಯಸ್ಸಾದವರೇ ಅದರಲ್ಲಿ ಬಹಳ. ಬಿಸಿಲಿಗೆ ಸಿದ್ಧವಾಗಿರದ ಊರಿನ ಬಿಸಿಲಿಗೆ ನಾನು ಹೆಚ್ಚು ಭಯಪಡುತ್ತೇನೆ. ಇತ್ತೀಚೆಗೆ ಆಗಸ್ಟ್ ಬಂದರೆ ಕಾಳ್ಗಿಚ್ಚಿನ ಹೊಗೆಯ ಚಿಂತೆಯೂ ಇದೆ. ಅಂಥ ದಿನ ಕಿಟಕಿ ತೆಗೆಯುವ ಹಾಗೂ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಬಗ್ಗೆಯೂ ಕೇಳಿದ್ದಿರಿ. ಜುಲೈಗೆ ಸ್ವೆಟರ್ ಇಟ್ಟುಕೊಳ್ಳಿ. ತಣ್ಣನೆಯ ಸಮುದ್ರದಿಂದ ಮಂಜು ಒಳಗೆ ನುಗ್ಗುತ್ತದೆ. ಒಂದು ಗಂಟೆ ಒಳನಾಡಿಗೆ ಕಾರು ಓಡಿಸಿದರೆ ಬೆವರು ಸುರಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಫೀನಿಕ್ಸ್ ಆರಿಸುತ್ತಿದ್ದೆ. ಜೂನ್‌ನಿಂದ ಸೆಪ್ಟೆಂಬರ್ ಕಷ್ಟ, ನಿಜ. ಉಳಿದ ಎಂಟು ತಿಂಗಳು ಮಗು ಹೊರಗೆ ಆಡಬಹುದು. ಅಲ್ಲಿನ ಮನೆಗಳು ಬಿಸಿಲಿಗೆಂದೇ ಕಟ್ಟಿದವು. ಬಾಡಿಗೆ ಮನೆಯ ಎಸಿ ಒಳಗಿನ ಬಿಸಿಯನ್ನು 82ಕ್ಕೆ ಇಳಿಸುವಂತಿರಬೇಕು ಅಂತ ನಗರದ ನಿಯಮವೇ ಇದೆ. ಆದರೆ ಅಪ್ಪ-ಅಮ್ಮನನ್ನು ಜುಲೈನಲ್ಲಿ ದಯವಿಟ್ಟು ಕರೆಸಬೇಡಿ. ನವೆಂಬರ್‌ಗೆ ಟಿಕೆಟ್ ಮಾಡಿ. ಹ್ಯೂಸ್ಟನ್ನೇ ಆದರೂ ಅದೇ ಮಾತು. ಅವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಲಿ, ಕೆಲವು ಮಾತ್ರೆಗಳಿಂದ ಬಿಸಿ ತಡೆಯುವ ಶಕ್ತಿ ಕಡಿಮೆಯಾಗುತ್ತದೆ.

ಮನೆ ನೋಡಲು ಬೆಳಿಗ್ಗೆ ಹೋಗಬೇಡಿ, ಸಂಜೆ ನಾಲ್ಕಕ್ಕೆ ಹೋಗಿ. ಮಗಳು ಮಲಗುವ ಕೋಣೆಯ ಪಶ್ಚಿಮದ ಗೋಡೆಯನ್ನು ಒಳಗಿಂದ ಕೈಯಿಟ್ಟು ನೋಡಿ. ಬಿಸಿ ತಾಗಿದರೆ ಬೇರೆ ಮನೆ ಹುಡುಕಿ.