ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತಪಸ್ಸುಕಾಲ

ಇನ್ಸುಲಿನ್ ಇರುವುದರಿಂದ ಊಟ ಬಿಡೋಕಾಗಲ್ಲ, ಹಾಗಾದರೆ ನನ್ನ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಪ್ರಾರ್ಥನೆ, ಉಪವಾಸದ ದಿನಗಳು) ವ್ಯರ್ಥವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ದಯವಿಟ್ಟು ಊಟ ಬಿಡಬೇಡಿ.

ನಮ್ಮ ಕಥೋಲಿಕ ಸಭೆಯಲ್ಲಿ (ಲ್ಯಾಟಿನ್ ವಿಧಿಯವರಿಗೆ, ಅಂದರೆ ರೋಮನ್ ಆರಾಧನಾ ಪದ್ಧತಿಯವರಿಗೆ) ಉಪವಾಸ ಕಡ್ಡಾಯವಾಗಿರುವುದು ಎರಡೇ ದಿನ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಅದೂ 18ರಿಂದ 59 ವರ್ಷದವರಿಗೆ. ಅವತ್ತು ಕೂಡ ಒಂದು ಹೊತ್ತು ಪೂರ್ತಿ ಊಟ ಮಾಡಬಹುದು. ಕಾಯಿಲೆ ಇರುವವರಿಗೆ ವಿನಾಯಿತಿ ಇದ್ದೇ ಇದೆ. ಮನಸ್ಸಿಗೆ ಸಮಾಧಾನ ಆಗದಿದ್ದರೆ ನಿಮ್ಮ ಫಾದರ್ ಹತ್ತಿರ ಒಮ್ಮೆ ಮಾತಾಡಿ.

ಬೂದಿ ಬುಧವಾರ ಓದುವ, ಬೈಬಲ್ಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ನೋಡಿ. ಅಲ್ಲಿ ಮೊದಲು ಬರುವುದು ದಾನ, ಆಮೇಲೆ ಪ್ರಾರ್ಥನೆ, ಕೊನೆಗೆ ಉಪವಾಸ. ನಾವು ಕೊನೆಯದನ್ನೇ ಜಾಸ್ತಿ ಹಿಡಿದುಕೊಂಡಿದ್ದೇವೆ, ಅಲ್ವಾ?

ನಮ್ಮ ಅಮ್ಮನಿಗೂ ಶುಗರ್ ಇತ್ತು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಆದರೆ ತಪಸ್ಸುಕಾಲ ಮುಗಿಯುವವರೆಗೆ ಮನೆಗೆ ಮೀನು, ಮಾಂಸ ತರುತ್ತಿರಲಿಲ್ಲ. ಆ ದುಡ್ಡನ್ನು ಡಬ್ಬಿಗೆ ಹಾಕಿ, ಪಕ್ಕದ ಬೀದಿಯ ಅಜ್ಜಿಯೊಬ್ಬರ ಔಷಧಿಗೆ ಕೊಡುತ್ತಿದ್ದರು. ಒಂದು ವರ್ಷ, ಮಾತು ಬಿಟ್ಟಿದ್ದ ನಾದಿನಿಯ ಮನೆಗೆ ತಾವಾಗಿಯೇ ಹೋಗಿ ಮಾತಾಡಿಸಿ ಬಂದರು. ಊಟ ಬಿಡುವುದಕ್ಕಿಂತ ಅದು ಎಷ್ಟೋ ಕಷ್ಟದ ತಪಸ್ಸು ಎಂದು ನನಗೆ ಈಗಲೂ ಅನಿಸುತ್ತದೆ.

ಹಾಂ, ಶುಕ್ರವಾರ ಶಿಲುಬೆ ಹಾದಿಗೆ (ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆಗೆ) ಹೋಗುವಾಗ ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಸುಸ್ತಾದರೆ ಕೂತೇ ಪ್ರಾರ್ಥಿಸಿ.